ಬಂಬಿನ ಕೆಲಸ: ಕರೆ ಬರುವ ಮೊದಲು ಮಾಡಬೇಕಾದದ್ದು
(ವಾಚನಾಲಯದ ಸಭೆಯಲ್ಲಿ ಓದಿದ ಭಾಷಣ)



ಬೆಂಕಿ ಆರಿಸುವ ಕೆಂಪು ಗಾಡಿಗೆ ಮುಂಬಯಿಯಲ್ಲಿ ಬಂಬು ಎಂದು ಹೆಸರು. ಆ ಕೆಲಸಕ್ಕೆ ಯಾವಾಗ ಕರೆಯುತ್ತಾರೆ, ಯಾರನ್ನು ಕಾಣಬೇಕು ಎಂದು ಇಲ್ಲಿ ಪತ್ರಿಕೆ ಓದಲು ಬರುವ ಹುಡುಗರು ಕೇಳುವುದುಂಟು. ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಯಾರನ್ನೂ ಕಾಣಬೇಕಾಗಿಲ್ಲ. ಎತ್ತರವನ್ನು ಅಳತೆಪಟ್ಟಿ ಹೇಳುತ್ತದೆ, ಓಟವನ್ನು ಗಡಿಯಾರ ಹೇಳುತ್ತದೆ. "ಪಾಲಿಕೆಯಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಡಿ" ಎನ್ನುವವನಿಗೆ ಊರಿನಿಂದ ಸಾಲ ತರಿಸಿ ಕೊಟ್ಟ ಹಣ ಹೋದಂತೆಯೇ ಸರಿ.

ಮೊದಲನೆಯ ಪ್ರಶ್ನೆ ಕಠಿಣವಾದುದು. ಈ ಭರ್ತಿ ವರ್ಷಾವರ್ಷ ನಡೆಯುವುದಿಲ್ಲ. ನಡೆದಾಗ ಸಿದ್ಧವಾಗಲು ಪುರಸತ್ತೂ ಕೊಡುವುದಿಲ್ಲ. ಮುಂಬಯಿ ದಳಕ್ಕೆ 910 ಜವಾನರು ಬೇಕೆಂದು 2022ರ ಕೊನೆಗೆ ಜಾಹೀರಾತು ಬಂತು. 2023ರ ಜನವರಿ 13ರಿಂದ ದಹಿಸರದ ಮೈದಾನಕ್ಕೆ ಅಭ್ಯರ್ಥಿಗಳು ನೇರವಾಗಿ ಬರಬೇಕಾಯಿತು. ಹನ್ನೆರಡನೆಯ ತರಗತಿ ಪಾಸು, ಗಂಡಸರಿಗೆ 172 ಸೆಂಟಿಮೀಟರ್ ಎತ್ತರ, ಹೆಂಗಸರಿಗೆ 162. ಆಮೇಲೆ 800 ಮೀಟರ್ ಓಟ, ಎತ್ತರದಿಂದ ಕೆಳಗೆ ಹಿಡಿದ ಬಟ್ಟೆಗೆ ಜಿಗಿತ, ಭಾರ ಹೊತ್ತು ನಡಿಗೆ. ಹೆಣ್ಣುಮಕ್ಕಳ ಸರದಿಯ ದಿನ ಬಾಗಿಲಲ್ಲೇ ಗಲಾಟೆಯಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಎತ್ತರ ದೇವರು ಕೊಟ್ಟದ್ದು, ಅದಕ್ಕೆ ಉಪಾಯವಿಲ್ಲ. ನಮ್ಮವರು ಹಿಂದೆ ಬೀಳುವುದು ಕಾಗದಪತ್ರದಲ್ಲಿ. ಪಾಲಿಕೆಯ ಕೆಲಸಕ್ಕೆ ಮಹಾರಾಷ್ಟ್ರದ ಅಧಿವಾಸ ಪತ್ರ, ಅಂದರೆ ಎಲ್ಲರೂ ಡೊಮಿಸೈಲ್ ಎನ್ನುವ ಕಾಗದ, ಕೇಳುವುದು ರೂಢಿ. ಸಾಮಾನ್ಯವಾಗಿ ಹದಿನೈದು ವರ್ಷದ ವಾಸಕ್ಕೆ ಪುರಾವೆ ತೋರಿಸಬೇಕು. ಹೋಟೆಲಿನ ಮಾಳಿಗೆಯಲ್ಲಿ ಮಲಗಿ, ವರ್ಷಕ್ಕೊಂದು ಕೋಣೆ ಬದಲಾಯಿಸಿದವನಿಗೆ ಪುರಾವೆ ಎಲ್ಲಿಯದು? ಆದ್ದರಿಂದ ರಾತ್ರಿ ಶಾಲೆಯ ದಾಖಲೆ, ಪಡಿತರ ಚೀಟಿ, ಬಾಡಿಗೆ ಕರಾರು, ಯಾವುದನ್ನೂ ಎಸೆಯಬಾರದು. ಮರಾಠಿ ಓದಿ ಬರೆಯಲು ಬರಬೇಕು. ಹತ್ತನೆಯ ತರಗತಿಯನ್ನು ಊರಿನಲ್ಲಿ ಮುಗಿಸಿ ಬಂದವರಿಗೆ ಇದೇ ತೊಡಕು.

ಇನ್ನೊಂದು ಮಾತು, ಕಹಿಯಾದರೂ ಹೇಳಬೇಕು. ಊರಿನ ತಹಸೀಲ್ದಾರರು ಕೊಟ್ಟ ಪರಿಶಿಷ್ಟ ಜಾತಿಯ ಪತ್ರ ಬೇರೆ ರಾಜ್ಯದ ನೌಕರಿಯ ಮೀಸಲಾತಿಗೆ ನಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ದುಡಿಯಲು ಗಡಿ ದಾಟಿದ ಮಾತ್ರಕ್ಕೆ ಮನುಷ್ಯನ ಸ್ಥಿತಿ ಬದಲಾಗದು ಎಂದು ನಮಗೆ ತೋರುತ್ತದೆ. ಆದರೆ ಸಾಲಿನಲ್ಲಿ ನಿಂತ ಮೇಲೆ ಇದನ್ನು ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಲೇಸು.

ಮಹಾರಾಷ್ಟ್ರದ ಪತ್ರ ಬೇಡದ ಬಾಗಿಲುಗಳೂ ಇವೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಚೆಂಬೂರಿನ ರಾಷ್ಟ್ರೀಯ ಕೆಮಿಕಲ್ಸ್ ಗೊಬ್ಬರದ ಕಾರ್ಖಾನೆ, ಮಾಹುಲಿನ ತೈಲ ಶುದ್ಧೀಕರಣ ಕೇಂದ್ರಗಳು, ಇವುಗಳಿಗೆ ತಮ್ಮದೇ ಅಗ್ನಿಶಾಮಕ ತಂಡಗಳುಂಟು. ಇವು ಕರೆದಾಗ ದೇಶದ ಎಲ್ಲ ಕಡೆಯವರೂ ಅರ್ಜಿ ಹಾಕಬಹುದು. ಅಣುಶಕ್ತಿ ಇಲಾಖೆಯಲ್ಲಿ ಚಾಲಕ, ಪಂಪು ನಡೆಸುವವ, ಬೆಂಕಿ ಆರಿಸುವವ ಮೂರೂ ಒಬ್ಬನೇ ಆಗಿರುವ ಹುದ್ದೆಯಿದೆ. ಲಾರಿ ಓಡಿಸುವ ನಮ್ಮ ಹುಡುಗರಲ್ಲಿ ಭಾರಿ ವಾಹನದ ಪರವಾನೆ ಉಳ್ಳವರು, ವಿಜ್ಞಾನದಲ್ಲಿ ಹನ್ನೆರಡನೆಯದನ್ನು ಮುಗಿಸಿ ಬೆಂಕಿ ಆರಿಸುವ ತರಬೇತಿ ಪಡೆದರೆ, ಇದಕ್ಕೆ ತಕ್ಕವರಾಗುತ್ತಾರೆ. ತರಬೇತಿಗೆ ಸಾಂತಾಕ್ರೂಜಿನಲ್ಲಿ ರಾಜ್ಯದ ಅಕಾಡೆಮಿ ಇದೆ. ಮೇಲಿನ ದರ್ಜೆಗೆ ನಾಗಪುರದಲ್ಲಿ ಕೇಂದ್ರದ ಕಾಲೇಜು. ಗಲ್ಲಿಗೊಂದು ತೆರೆದಿರುವ ಡಿಪ್ಲೊಮಾ ಅಂಗಡಿಗೆ ಶುಲ್ಕ ಕಟ್ಟುವ ಮೊದಲು ಹಳೆಯ ಜಾಹೀರಾತೊಂದನ್ನು ಎದುರಿಗಿಟ್ಟು, "ನಿಮ್ಮ ಪತ್ರ ಇದರಲ್ಲಿ ಎಲ್ಲಿದೆ ತೋರಿಸಿ" ಎಂದು ಕೇಳಿರಿ.

ಎತ್ತರ ಸಾಲದವರೂ ನಿರಾಶರಾಗಬೇಕಿಲ್ಲ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯಿದೆಯ ಪ್ರಕಾರ, ಅದು ಅನ್ವಯಿಸುವ ಕಟ್ಟಡಗಳ ಬೆಂಕಿ ಆರಿಸುವ ಸಲಕರಣೆ ಸರಿಯಿದೆಯೆಂದು ಜನವರಿ ಮತ್ತು ಜುಲೈಯಲ್ಲಿ, ವರ್ಷಕ್ಕೆ ಎರಡು ಸಲ, ಪರವಾನೆಯುಳ್ಳ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಬೇಕು. ಆ ಸಂಸ್ಥೆಗಳಿಗೆ ಪಂಪು, ಕೊಳವೆ, ವಿದ್ಯುತ್ತಿನ ಕೆಲಸ ಬಲ್ಲವರು ಬೇಕು. ಗಗನಚುಂಬಿಗಳು ಏಳುತ್ತಿರುವ ಊರಿನಲ್ಲಿ ಇದು ಸಣ್ಣ ಕೆಲಸವಲ್ಲ.

ಸಂಬಳ, ಪಿಂಚಣಿ ನೋಡಿ ಬರುವವರು ಇದನ್ನೂ ನೋಡಬೇಕು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಮದ್ದುಗುಂಡು, ಹತ್ತಿ ತುಂಬಿದ್ದ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಾಗ ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಸತ್ತರು. ಇಂದಿಗೂ ದೇಶದಲ್ಲೆಲ್ಲ ಆ ದಿನ ಅವರ ಸ್ಮರಣೆ. 2015ರ ಮೇ 9ರಂದು ಕಾಲಬಾದೇವಿಯ ಗೋಕುಲ ನಿವಾಸ ಕುಸಿದು, ದಳದ ಮುಖ್ಯಾಧಿಕಾರಿ ಸುನಿಲ್ ನೇಸರಿಕರ್ ಸೇರಿ ನಾಲ್ವರು ಅಧಿಕಾರಿಗಳು ಬಲಿಯಾದರು. ಅವರಲ್ಲೊಬ್ಬರು ಸುಧೀರ್ ಅಮೀನ್. ಆ ಅಡ್ಡಹೆಸರು ನಮ್ಮ ಕರಾವಳಿಯವರ ಕಿವಿಗೆ ಹೊಸದಲ್ಲ. ಮನೆಯಲ್ಲಿ ತಾಯಿಗೆ ಇದನ್ನು ಹೇಳಿ, ಒಪ್ಪಿಗೆ ಪಡೆದೇ ಅರ್ಜಿ ಹಾಕಿರಿ.

ಕನ್ನಡ ವಾಚನಾಲಯದಲ್ಲಿ ನಿಂತು ಹೇಳುವುದು ವಿಚಿತ್ರವೆನಿಸಬಹುದು: ಕನ್ನಡ ಪತ್ರಿಕೆಯನ್ನಷ್ಟೇ ಓದುವವನಿಗೆ ಪಾಲಿಕೆಯ ಕರೆ ತಲುಪದೆ ಹೋಗಬಹುದು. ಮರಾಠಿ ದಿನಪತ್ರಿಕೆಯ ಜಾಹೀರಾತು ಪುಟ, ಪಾಲಿಕೆಯ ಜಾಲತಾಣ, ಕೇಂದ್ರದ ಹುದ್ದೆಗಳಿಗೆ ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆ, ಈ ಮೂರನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಮರಾಠಿ ಓದಲು ತಡವರಿಸುವವರು ನಮ್ಮ ಪಕ್ಕದ ಬೆಂಚಿಗೆ ಬನ್ನಿರಿ. ಜಾಹೀರಾತನ್ನು ಕೂಡಿ ಓದೋಣ.