ಕೊನೆಯ ಗದ್ದೆಗೆ ನೀರು ಮುಟ್ಟಿತೇ?

(ಸ್ಟಾಕ್‌ಹೋಮ್‌ನಲ್ಲಿ ನಡೆದ ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಒಳಗೆ ಬಿಸಿಬೇಳೆಬಾತಿನ ಪರಿಮಳ ಬರುತ್ತಿರುವಾಗ ಹೊರಗೆ ಭಾಷಣ ಮಾಡುವವರನ್ನು ಯಾರೂ ಮೆಚ್ಚುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದರಲ್ಲೂ ವಿಷಯ ವಿಶ್ವವಿದ್ಯಾಲಯಗಳ ಕಾರ್ಯಯೋಜನೆ ಎಂದರೆ ಕೇಳಲೇಬೇಡಿ! ಆದರೂ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಕಾರಣ, ನೀವು ಈ ಸಂಜೆ ಕೊಡುವ ಹಣದಲ್ಲಿ ಒಂದು ಪಾಲು ಕರ್ನಾಟಕದ ವಿಜ್ಞಾನ ಪದವಿ ವಿದ್ಯಾರ್ಥಿಗಳಿಗೆ ಹೋಗುತ್ತದೆ. ಅದನ್ನು ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂದು ಸಮಿತಿಯಲ್ಲಿ ಕುಳಿತು ಯೋಚಿಸುವಾಗ, ನಾವು ಬಾಳುತ್ತಿರುವ ಈ ದೇಶದ ವಿಶ್ವವಿದ್ಯಾಲಯಗಳು ವಿಜ್ಞಾನದ ವಿದ್ಯಾರ್ಥಿಗಳನ್ನು ದಡ ಮುಟ್ಟಿಸಲು ಏನು ಮಾಡುತ್ತವೆ ಎಂದು ನೋಡೋಣ ಅನ್ನಿಸಿತು. ನೋಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಇಂದು ಯೋಜನೆ ಇಲ್ಲದ ವಿಶ್ವವಿದ್ಯಾಲಯವೇ ಇಲ್ಲ. ಇಲ್ಲಿನ ಕೆಟಿಎಚ್ 1827ರಲ್ಲಿ ಹುಟ್ಟಿದ್ದು. ಇನ್ನೂರು ತುಂಬುವ ವರ್ಷವನ್ನು ಗುರಿಯಾಗಿಟ್ಟುಕೊಂಡು 'ವಿಷನ್ 2027' ಎಂಬ ದಾಖಲೆಯನ್ನೇ ಮಾಡಿತು. ನಮ್ಮ ದೇಶದಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ 1994ರಲ್ಲಿ ಸ್ಥಾಪನೆಯಾಯಿತು, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಬಳಸುತ್ತ ಬಂದ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳಿಗೆ ನೆರವು ಮತ್ತು ಅವರ ಮುನ್ನಡೆ. ಆಡಳಿತ ಮತ್ತು ಯೋಜನೆ ಆರನೆಯದು. ಹಾಗಾಗಿ ಮೈಸೂರಿನ ಯುವರಾಜ ಕಾಲೇಜಿನಂಥ ಹಳೆಯ ವಿಜ್ಞಾನ ಕಾಲೇಜಿನಿಂದ ಹಿಡಿದು ತಾಲ್ಲೂಕಿನ ಪದವಿ ಕಾಲೇಜಿನವರೆಗೆ ಎಲ್ಲರೂ 'ದೂರದೃಷ್ಟಿ', 'ಧ್ಯೇಯ', 'ಉತ್ಕೃಷ್ಟತೆ' ಎಂದು ಬರೆಯಲು ಕಲಿತಿದ್ದಾರೆ. ಬರೆಯಲಿ, ತಪ್ಪೇನಿಲ್ಲ. ನಾವು ಮಾತ್ರ ಇಂಥ ದಾಖಲೆ ಕೈಗೆ ಬಂದರೆ ಒಂದೇ ಒಂದು ಸಾಲನ್ನು ಹುಡುಕುತ್ತೇವೆ: ಮೊದಲ ವರ್ಷ ಸೇರಿದವರು ಎಷ್ಟು, ಮುಗಿಸಿ ಹೊರಬಂದವರು ಎಷ್ಟು?

ಸ್ವೀಡಿಷರಲ್ಲಿ ಇದಕ್ಕೊಂದು ಉದ್ದನೆಯ ಪದವಿದೆ, ಯೆನೋಮ್‌ಸ್ಟ್ರೋಮ್ನಿಂಗ್. ಇಲ್ಲಿ ಹೊಸದಾಗಿ ಬಂದವರ ನಾಲಿಗೆಗೆ ಅದು ಹೊರಳಲಿಕ್ಕೇ ಒಂದು ವರ್ಷ ಬೇಕು. ಅರ್ಥ ಮಾತ್ರ ಸರಳ: ಈ ತುದಿಯಲ್ಲಿ ಹೊಕ್ಕದ್ದು ಆ ತುದಿಯಲ್ಲಿ ಹೊರಗೆ ಹರಿಯುವುದು. ನಮ್ಮ ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ಬಿಟ್ಟ ನೀರು ಎಷ್ಟು ಎಂದು ಪತ್ರಿಕೆಯಲ್ಲಿ ಬರುತ್ತದೆ. ಆದರೆ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತ ಕೇಳುವ ಪ್ರಶ್ನೆಯೇ ಬೇರೆ. ಬಿಟ್ಟಿದ್ದು ಇರಲಿ ಸ್ವಾಮಿ, ನನ್ನ ಗದ್ದೆಗೆ ಮುಟ್ಟಿದ್ದು ಎಷ್ಟು?

ಸ್ವೀಡನ್ನಿನಲ್ಲಿ ಈ ಪ್ರಶ್ನೆಗೆ ಹಣದ ಬಲವೂ ಇದೆ. 1993ರಲ್ಲಿ ಉನ್ನತ ಶಿಕ್ಷಣದ ವ್ಯವಸ್ಥೆಯನ್ನು ಬದಲಿಸಿದಾಗ, ಪದವಿ ಶಿಕ್ಷಣಕ್ಕೆ ಸರ್ಕಾರ ಕೊಡುವ ಹಣವನ್ನು ಎರಡು ಲೆಕ್ಕದಲ್ಲಿ ಕೊಡತೊಡಗಿದರು. ಒಂದು, ಎಷ್ಟು ಜನ ಓದಲು ನೋಂದಾಯಿಸಿದ್ದಾರೆ ಎಂಬ ಲೆಕ್ಕ. ಇನ್ನೊಂದು, ಅವರು ಎಷ್ಟು ಅಂಕಗಳ ಪಾಠವನ್ನು ನಿಜವಾಗಿ ಪಾಸು ಮಾಡಿದರು ಎಂಬ ಲೆಕ್ಕ. ಇಡೀ ವರ್ಷದ ಓದು 60 ಅಂಕ. ಹುಡುಗಿಯೊಬ್ಬಳು ಹೆಸರು ಬರೆಸಿ ಪರೀಕ್ಷೆ ದಾಟದೆ ಉಳಿದರೆ ಅವಳಿಗಾಗಿ ಬರಬೇಕಾದ ಎರಡನೆಯ ಪಾಲು ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ. ಅಂದರೆ ವಿದ್ಯಾರ್ಥಿ ಎಡವಿದರೆ ಸಂಸ್ಥೆಯ ಕಾಲಿಗೂ ಪೆಟ್ಟು. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಹಣಕ್ಕಾಗಿ ಪರೀಕ್ಷೆಯನ್ನೇ ಸಡಿಲ ಮಾಡಿಬಿಟ್ಟರೆ ಏನು ಗತಿ ಎಂದು ಇಲ್ಲಿನ ಅಧ್ಯಾಪಕರು ಅಂದಿನಿಂದಲೂ ಗೊಣಗುತ್ತಲೇ ಇದ್ದಾರೆ. ಅವರ ಗೊಣಗು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಸೋತವನ ಗೊಡವೆಯೇ ಬೇಡ ಎನ್ನುವ ವ್ಯವಸ್ಥೆಗಿಂತ ಇದು ಮೇಲು.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳ ಮಕ್ಕಳು ಜಿಮ್ನಾಸಿಯಮ್‌ನಲ್ಲಿ ವಿಜ್ಞಾನ ಓದಿ, ಒಳ್ಳೆಯ ಗ್ರೇಡು ತೆಗೆದು, ಕೆಟಿಎಚ್, ಚಾಲ್ಮರ್ಸ್, ಉಪ್ಸಾಲ, ಲುಂಡ್ ಎಂದು ಸೇರಿದ್ದಾರೆ. ಅಲ್ಲಿಯವರೆಗೆ ಗಣಿತದಲ್ಲಿ ಸೋಲೆಂಬುದನ್ನೇ ಕಾಣದ ಮಗು ಮೊದಲ ಸೆಮಿಸ್ಟರಿನ ಗಣಿತದ ತೆಂತಾದಲ್ಲಿ ಮುಗ್ಗರಿಸುತ್ತದೆ. ಅಪ್ಪ ಅಮ್ಮನಿಗೆ ಹೇಳಲು ಬಾಯಿ ಬರುವುದಿಲ್ಲ. ನಮಗೋ, 'ಫೇಲು' ಎಂಬ ಮಾತು ಕಿವಿಗೆ ಬಿದ್ದರೆ ಊರಿನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೆನಪಾಗಿ ಎದೆ ಧಸಕ್ಕೆನ್ನುತ್ತದೆ. ಇಲ್ಲಿನ ಪದ್ಧತಿ ಬೇರೆ ಎಂದು ತಾಯಿ ತಂದೆಯರು ತಿಳಿದಿರಬೇಕು. ಪರೀಕ್ಷೆಗೆ ಎಷ್ಟು ಸಲ ಕೂರಬಹುದು ಎಂದು ವಿಶ್ವವಿದ್ಯಾಲಯ ಮಿತಿ ಹಾಕುವುದಾದರೂ ಐದಕ್ಕಿಂತ ಕಡಿಮೆ ಮಾಡುವಂತಿಲ್ಲ ಎಂದು ಇಲ್ಲಿನ ಉನ್ನತ ಶಿಕ್ಷಣದ ನಿಯಮಾವಳಿಯೇ ಹೇಳುತ್ತದೆ. ಮರುಪರೀಕ್ಷೆ ಇಲ್ಲಿ ಕಳಂಕವಲ್ಲ. ರ‍್ಯಾಂಕು, ಚಿನ್ನದ ಪದಕಗಳ ಗಲಾಟೆಯೂ ಇಲ್ಲ. ಹಾಗೆಂದು ಕಾಲ ಕಳೆಯುವಂತೆಯೂ ಇಲ್ಲ. ಸಿಎಸ್‌ಎನ್ ಹಣ ಮುಂದುವರಿಯಬೇಕಾದರೆ ಪಾಸಾದ ಅಂಕಗಳ ಲೆಕ್ಕ ಒಪ್ಪಿಸಲೇಬೇಕು. ಮಗು ಬಾಯಿ ಬಿಟ್ಟು ಹೇಳಿದರೆ ದಾರಿ ನೂರಿವೆ. ಮನೆಯಲ್ಲಿ ಹೇಳುವಂಥ ವಾತಾವರಣ ಇರಬೇಕು, ಅಷ್ಟೆ.

ಈ ನೂರು ದಾರಿಗಳಲ್ಲಿ ನಮ್ಮ ಮನಸ್ಸಿಗೆ ಬಹಳ ಹಿಡಿಸಿದ ಒಂದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದರ ಹೆಸರು ಎಸ್‌ಐ. ನಗಬೇಡಿ, ನಮ್ಮೂರಿನಲ್ಲಿ ಎಸ್‌ಐ ಬಂದರೆಂದರೆ ಹುಡುಗರು ಹಿತ್ತಲ ಬಾಗಿಲಿನಿಂದ ಓಡುತ್ತಾರೆ. ಇಲ್ಲಿ ಎಸ್‌ಐಗೆ ಹುಡುಗರು ತಾವಾಗಿಯೇ ಹೋಗುತ್ತಾರೆ. ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್, ಅಂದರೆ ಪೂರಕ ಪಾಠ ಎಂದು ಇದರ ಪೂರ್ಣ ಹೆಸರು. 1973ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ವಿಭಾಗದಲ್ಲಿ ಡಿಯಾನ ಮಾರ್ಟಿನ್ ಎಂಬುವರು ಇದನ್ನು ಶುರು ಮಾಡಿದರು. ಲುಂಡ್ ವಿಶ್ವವಿದ್ಯಾಲಯಕ್ಕೆ 1994ರಲ್ಲಿ ಬಂತು. ಇಂದು ಯುರೋಪಿಗೆಲ್ಲ ಈ ಪದ್ಧತಿಯನ್ನು ಕಲಿಸುವ ಕೇಂದ್ರ ಲುಂಡ್‌ನಲ್ಲೇ ಇದೆ.

ಕೆಲಸ ನಡೆಯುವುದು ಹೀಗೆ. ಮೊದಲ ವರ್ಷದ ಕಷ್ಟದ ಪಾಠವೊಂದನ್ನು, ಬಹುಮಟ್ಟಿಗೆ ಗಣಿತವನ್ನು, ಆರಿಸಿಕೊಳ್ಳುತ್ತಾರೆ. ಆ ಪಾಠವನ್ನು ಆಗಲೇ ದಾಟಿರುವ ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಗೆ ತರಬೇತಿ ಕೊಟ್ಟು, ಸಂಬಳವನ್ನೂ ಕೊಟ್ಟು, ಹೊಸಬರ ಗುಂಪೊಂದನ್ನು ಒಪ್ಪಿಸುತ್ತಾರೆ. ವಾರಕ್ಕೊಮ್ಮೆ ಒಂದೂವರೆ ಎರಡು ಗಂಟೆ ಕುಳಿತು ಮಾತಾಡಬೇಕು. ಹಾಜರಿ ಕಡ್ಡಾಯವಲ್ಲ, ಅಂಕವಿಲ್ಲ, ಅಧ್ಯಾಪಕರು ಆ ಕೋಣೆಗೆ ಬರುವುದಿಲ್ಲ. ಎಲ್ಲಕ್ಕಿಂತ ಸ್ವಾರಸ್ಯವೆಂದರೆ ಗುಂಪಿನ ಮುಂದಾಳು ಉತ್ತರ ಹೇಳಿಕೊಡುವಂತಿಲ್ಲ! 'ಇದನ್ನು ಯಾಕೆ ಹೀಗೆ ಮಾಡಿದೆ', 'ನಿನಗೇನನ್ನಿಸುತ್ತದೆ' ಎಂದು ಕೇಳುತ್ತ ಹೋಗಬೇಕು. ಹುಡುಗರು ಒಬ್ಬರಿಗೊಬ್ಬರು ಹೇಳಿಕೊಂಡು ದಾರಿ ಕಂಡುಕೊಳ್ಳಬೇಕು.

ಇದರಿಂದ ಫಲ ಉಂಟೇ? ಹೋದವರು ಹೋಗದವರಿಗಿಂತ ಚೆನ್ನಾಗಿ ಪಾಸಾಗುತ್ತಾರೆ ಎಂದು ಲುಂಡ್‌ನ ಅಧ್ಯಯನಗಳು ತೋರಿಸಿವೆ. 'ಆಸಕ್ತಿ ಇದ್ದವರು ತಾನೇ ಹೋಗುವುದು, ಅವರು ಹೇಗಿದ್ದರೂ ಪಾಸಾಗುತ್ತಿದ್ದರು' ಎಂದು ನಮ್ಮಲ್ಲಿ ಕೆಲವರಿಗೂ ಅನುಮಾನ ಬಂತು. ನ್ಯಾಯವಾದ ಅನುಮಾನವೇ. ಶಾಲೆಯ ಗಣಿತದಲ್ಲಿ ಒಂದೇ ಮಟ್ಟದಲ್ಲಿದ್ದವರನ್ನು ಹೋಲಿಸಿ ನೋಡಿದಾಗಲೂ ವ್ಯತ್ಯಾಸ ಉಳಿಯಿತು ಎಂಬುದು ಅವರ ಉತ್ತರ.

ಆದರೆ ನಮಗೆ ಈ ಪದ್ಧತಿ ಹಿಡಿಸಿದ್ದು ಫಲಿತಾಂಶಕ್ಕಾಗಿ ಮಾತ್ರವಲ್ಲ. ಇಲ್ಲಿ 'ದಡ್ಡ ಹುಡುಗರ ಪಟ್ಟಿ' ಎಂಬುದೇ ಇಲ್ಲ. ಕಷ್ಟ ಇರುವುದು ಪಾಠದಲ್ಲಿ ಎಂದು ಮೊದಲೇ ಒಪ್ಪಿಕೊಂಡು, ಆ ಪಾಠಕ್ಕೆ ಸೇರಿದ ಎಲ್ಲರಿಗೂ ಬಾಗಿಲು ತೆರೆದಿಡುತ್ತಾರೆ. ಪದಕ ಗೆಲ್ಲುವವಳೂ ಬರುತ್ತಾಳೆ, ಪಾಸಾದರೆ ಸಾಕು ಎನ್ನುವವನೂ ಬರುತ್ತಾನೆ. ನೆರವು ಪಡೆದೆನೆಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ. ದಾನ ಧರ್ಮದ ಕೆಲಸ ಮಾಡುವ ನಮ್ಮಂಥವರು ಗಮನಿಸಬೇಕಾದ ಮಾತಿದು.

ನಮ್ಮ ಹಿರಿಯರಿಗೂ ಇದರ ಒಳಗುಟ್ಟು ಗೊತ್ತಿತ್ತು. ವಾರಾನ್ನದ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅನ್ನ ಹಾಕಿದ ತಾಯಂದಿರು ಅವನ ಅಂಕಪಟ್ಟಿ ಕೇಳುತ್ತಿರಲಿಲ್ಲ. ಈ ವಾರ ಹಸಿವಿನಿಂದ ಓದು ನಿಲ್ಲದಿರಲಿ ಎಂಬುದಷ್ಟೇ ಅವರ ಯೋಜನೆ. ಸಿದ್ಧಗಂಗೆಯಂಥ ಮಠಗಳ, ಜಾತಿ ಜಾತಿಯ ಹಾಸ್ಟೆಲುಗಳ ಉಪಕಾರವನ್ನು ನೆನೆಯುವವರು ಈ ಸಭೆಯಲ್ಲೇ ಇರಬಹುದು. ಅಲ್ಲಿ ದೊಡ್ಡ ತರಗತಿಯವನು ಚಿಕ್ಕವನಿಗೆ ರಾತ್ರಿ ಲೆಕ್ಕ ಹೇಳಿಕೊಡುತ್ತಿದ್ದನಲ್ಲ, ಅದೂ ಎಸ್‌ಐ ತಾನೇ! ಹೆಸರಿರಲಿಲ್ಲ, ಸಂಬಳವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದುವ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಇಂದಿನ ಲೆಕ್ಕದ ಪಟ್ಟಿಯಲ್ಲಿ ಅವರನ್ನು 'ಓದು ನಿಲ್ಲಿಸಿದವರು' ಎಂಬ ಕಾಲಂಗೆ ಹಾಕಿಬಿಡುತ್ತಿದ್ದರು! ಮರಳಿ ಬಂದು ಮುಗಿಸಿದರು, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆಯೆಂದರೆ ಕಾಲೇಜಿನ ಹಾಸ್ಟೆಲಿನ ಕೋಣೆ. ನಡುವೆ ನಿಂತ ಓದಿಗೆ ಮರಳಿ ಬರುವ ದಾರಿ ಮುಚ್ಚಿಹೋಗಿದ್ದರೆ ನಮಗೆ ಆ 'ಎಚ್ಚೆನ್' ಸಿಗುತ್ತಿರಲಿಲ್ಲ.

ಊರಿನಲ್ಲಿ ಬಿಎಸ್ಸಿ ಮೊದಲ ವರ್ಷದಲ್ಲಿ ಹುಡುಗರು ಎಡವುವುದು ಎಲ್ಲಿ ಎಂದು ನಿಮಗೇ ಗೊತ್ತು. ಹತ್ತನೆಯ ತರಗತಿಯವರೆಗೆ 'ದ್ಯುತಿಸಂಶ್ಲೇಷಣೆ' ಎಂದು ಕನ್ನಡದಲ್ಲಿ ಓದಿದ ಹುಡುಗಿಗೆ ಪಿಯುಸಿಯಲ್ಲಿ ಎಲ್ಲವೂ ಒಮ್ಮೆಲೇ ಇಂಗ್ಲಿಷ್ ಆಗುತ್ತದೆ. ಉರು ಹೊಡೆದು ಹೇಗೋ ದಾಟುತ್ತಾಳೆ. ಪದವಿಗೆ ಬಂದಾಗ ಉರು ಸಾಲುವುದಿಲ್ಲ. ಸರ್ಕಾರಿ ಕಾಲೇಜಿನ ಶುಲ್ಕ ದೊಡ್ಡದಲ್ಲ, ಬಸ್ಸಿನ ಪಾಸು, ಕೋಣೆಯ ಬಾಡಿಗೆ, ಮಧ್ಯಾಹ್ನದ ಊಟ ದೊಡ್ಡದು. ಇದರ ಮೇಲೆ ಸರ್ಕಾರದ ಯೋಜನೆಗಳೂ ನಿಂತಲ್ಲಿ ನಿಲ್ಲುವುದಿಲ್ಲ. 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸಿಕ್ಕ ಹುಡುಗರು ತಾವು ಓದುತ್ತಿರುವುದು ಯಾವ ಪಠ್ಯಕ್ರಮ ಎಂದು ಸೀನಿಯರ್‌ಗಳನ್ನು ಕೇಳಿದರೆ, ಸೀನಿಯರ್‌ಗಳ ಪಠ್ಯಕ್ರಮವೇ ಬೇರೆ!

ಅಂಥವರು ಮುಂದೆ ಸ್ವೀಡನ್ನಿಗೆ ಬಂದು ಓದಲಿ ಎನ್ನೋಣವೆಂದರೆ ಆ ಬಾಗಿಲೂ ಕಿರಿದಾಗಿದೆ. ಒಂದು ಕಾಲದಲ್ಲಿ ಇಲ್ಲಿ ಯಾರಿಗೂ ಬೋಧನಾ ಶುಲ್ಕವಿರಲಿಲ್ಲ. ನಮ್ಮಲ್ಲೇ ಹಲವರು ಹಾಗೆ ಬಂದು ಓದಿದವರು. 2011ರ ಶರತ್ಕಾಲದಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಬಂತು, ಆ ವರ್ಷ ಹೊರಗಿನಿಂದ ಹೊಸದಾಗಿ ಬರುವವರ ಸಂಖ್ಯೆ ಸುಮಾರು ಐದನೆಯ ಒಂದು ಪಾಲಿಗೆ ಇಳಿಯಿತು. ಈಗ ಬರುವವರು ಸಾಲ ಮಾಡಬಲ್ಲವರು ಅಥವಾ ಸ್ಕಾಲರ್‌ಶಿಪ್ ಗೆದ್ದವರು. ಅವರಿಗೆ ನಮ್ಮ ಶುಭ ಹಾರೈಕೆ ಸದಾ ಇದೆ. ಆದರೆ ತಾಲ್ಲೂಕಿನ ಕಾಲೇಜಿನ ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸಿದವಳನ್ನು ಅಲ್ಲೇ ಹಿಡಿದೆತ್ತಬೇಕು.

ಹಾಗಾಗಿ ಸಮಿತಿಯ ಪ್ರಸ್ತಾವ ಇದು. ಪ್ರತಿಭಾ ಪುರಸ್ಕಾರ ಎಂದಿನಂತೆ ನಡೆಯಲಿ. ಸರ್ ಸಿ. ವಿ. ರಾಮನ್ ತಮ್ಮ ಹೊಸ ವಿಕಿರಣದ ಸುದ್ದಿಯನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಸಭೆಯಲ್ಲಿ ಹೇಳಿದರು. 1930ರ ಡಿಸೆಂಬರಿನಲ್ಲಿ ಇದೇ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಡೆದರು. ಇಂಥ ಊರಿನಲ್ಲಿದ್ದುಕೊಂಡು ಪ್ರತಿಭೆಗೆ ಹಾರ ಹಾಕುವುದನ್ನು ನಾವು ಬಿಡಲಾರೆವು. ಅದರ ಜೊತೆಗೆ ವಿದ್ಯಾರ್ಥಿವೇತನದ ಅರ್ಧ ಹಣವನ್ನು ಬಿಎಸ್ಸಿ ಮೊದಲ ವರ್ಷದವರಿಗೆಂದೇ ಮೀಸಲಿಡೋಣ. ವರ್ಷದ ಕೊನೆಗೆ ಒಂದೇ ಕಂತಿನಲ್ಲಿ ಬೇಡ. ತಿಂಗಳು ತಿಂಗಳಿಗೆ, ಬಸ್ಸಿಗೂ ಊಟಕ್ಕೂ ಆಗುವಂತೆ ಕೊಡೋಣ. ಒಂದು ವಿಷಯದಲ್ಲಿ ಉಳಿದರೆ ಕೂಡಲೇ ನಿಲ್ಲಿಸುವುದು ಬೇಡ, ಮರುಪರೀಕ್ಷೆಯವರೆಗೆ ಕಾಯೋಣ. ಇನ್ನೊಂದು ಪಾಲಿನಲ್ಲಿ ಕಾಲೇಜಿನವರು ಒಪ್ಪಿದ ಕಡೆ ಮೂರನೆಯ ವರ್ಷದ ವಿದ್ಯಾರ್ಥಿಗಳಿಗೆ ಸಣ್ಣ ಸಂಭಾವನೆ ಕೊಟ್ಟು, ವಾರಕ್ಕೊಂದು ಸಂಜೆ ಗಣಿತದ ಗುಂಪು ನಡೆಸೋಣ. ಅಲ್ಲಿ ಕನ್ನಡದಲ್ಲಿ ಮಾತಾಡಲಿ, ಇಂಗ್ಲಿಷಿನಲ್ಲಿ ಬರೆಯಲಿ.

'ತೊಂಬತ್ತು ಪರ್ಸೆಂಟ್ ತೆಗೆದವನನ್ನು ಬಿಟ್ಟು ಫೇಲಾದವನಿಗೆ ಕೊಡುವುದೇ' ಎಂದು ಸಮಿತಿಯೊಳಗೇ ಒಬ್ಬ ಹಿರಿಯರು ಕೇಳಿದರು. ಅವರಿನ್ನೂ ಪೂರ್ತಿ ಒಪ್ಪಿಲ್ಲ, ಇಂದೂ ಮುಂದಿನ ಸಾಲಿನಲ್ಲಿ ನಗುತ್ತ ಕುಳಿತಿದ್ದಾರೆ. ಕೊಟ್ಟ ಹಣ ವ್ಯರ್ಥವಾಗಬಾರದೆಂಬ ಅವರ ಕಾಳಜಿ ನಮ್ಮದೂ ಹೌದು. ಅದಕ್ಕಾಗಿ ಒಂದು ಕರಾರು ಹಾಕಿಕೊಂಡಿದ್ದೇವೆ: ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಎಷ್ಟು ಜನಕ್ಕೆ ಕೊಟ್ಟೆವು ಎಂಬುದರ ಪಕ್ಕದಲ್ಲೇ, ಅವರಲ್ಲಿ ಎಷ್ಟು ಜನ ಎರಡನೆಯ ವರ್ಷಕ್ಕೆ ಹೋದರು ಎಂದೂ ಅಚ್ಚು ಹಾಕುತ್ತೇವೆ. ಅಂಕಿ ಚೆನ್ನಾಗಿರಲಿ, ಇಲ್ಲದಿರಲಿ.

ಪ್ರಸ್ತಾವವನ್ನು ವಾರ್ಷಿಕ ಸಭೆಯ ಮುಂದಿಡುವ ಮೊದಲು ನಿಮ್ಮ ಅಭಿಪ್ರಾಯ ಬೇಕು. ದೇಣಿಗೆಯ ಚೀಟಿಯಲ್ಲಿ 'ಪ್ರತಿಭೆ', 'ಮೊದಲ ವರ್ಷ' ಎಂದು ಎರಡು ಚೌಕಗಳಿವೆ; ನಿಮ್ಮ ಹಣ ಯಾವುದಕ್ಕೆ ಹೋಗಬೇಕೋ ಅಲ್ಲಿ ಗುರುತು ಹಾಕಿ. ನಮ್ಮ ಮಕ್ಕಳಲ್ಲಿ ಕೆಟಿಎಚ್, ಉಪ್ಸಾಲಗಳಲ್ಲಿ ಓದುತ್ತಿರುವವರು ಊರಿನ ಗಣಿತದ ಗುಂಪಿಗೆ ಪ್ರಶ್ನೆಗಳನ್ನು ತಯಾರಿಸಿಕೊಡಲು ಮುಂದೆ ಬಂದರೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಲಿ. ಊಟ ಬಡಿಸುತ್ತಿದ್ದಾರೆ, ಮೊದಲ ಪಂಕ್ತಿಯಲ್ಲಿ ಮಕ್ಕಳು ಕೂರಲಿ.