ಕುರ್ಚಿಯೂ ಮನಸ್ಸಾಕ್ಷಿಯೂ

ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಗುಡಿಗಳ ಊರು. ಆ ಸೀಮೆಯ ಒಂದು ಹಳ್ಳಿಯಲ್ಲಿ ಮದುವೆಯ ಹಂದರ ಏಳುತ್ತಿದೆಯೆಂದು ಭಾವಿಸಿಕೊಳ್ಳಿ. ಹುಡುಗಿಗೆ ೧೬ ವರ್ಷ. ತಂದೆತಾಯಿಗಳು ಕೂಲಿಗಾಗಿ ಬೆಂಗಳೂರಿಗೋ ಮುಂಬಯಿಗೋ ಹೊರಟವರು. ಬೆಳೆದ ಮಗಳನ್ನು ಯಾರ ವಶಕ್ಕೆ ಬಿಟ್ಟು ಹೋಗುವುದೆಂಬ ಚಿಂತೆ ಅವರದು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಸುದ್ದಿ ಮುಟ್ಟಿದೆ. ಬಾಲ್ಯವಿವಾಹವನ್ನು ತಡೆಯುವ ಹೊಣೆ ನಮ್ಮ ರಾಜ್ಯದಲ್ಲಿ ಆತನ ಮೇಲೂ ಇದೆ. ಆದರೆ ಆತ ಮರುಕವುಳ್ಳವನು. ‘ಬಡವರ ಕಷ್ಟವರಿಯದವರು ಮಾಡಿದ ಕಾನೂನಿದು’ ಎಂದುಕೊಂಡು ಸುಮ್ಮನಾಗುತ್ತಾನೆ. ಅಕ್ಕಿಕಾಳು ಬೀಳುತ್ತದೆ.

ಆತ ಮಾಡಿದ್ದು ಸರಿಯೇ?

ಉತ್ತರ ಕೊಡುವ ಮೊದಲು ಇನ್ನೊಬ್ಬ ಅಧಿಕಾರಿಯನ್ನು ನೋಡೋಣ. ಈತ ೧೯೫೪ರ ವಿಶೇಷ ವಿವಾಹ ಕಾಯಿದೆಯ ವಿವಾಹಾಧಿಕಾರಿ. ಬೇರೆ ಬೇರೆ ಜಾತಿಯ, ವಯಸ್ಸಿಗೆ ಬಂದ ಹುಡುಗ ಹುಡುಗಿ ಎದುರಿಗೆ ನಿಂತಿದ್ದಾರೆ. ಕಾಯಿದೆಯಂತೆ ನೋಟೀಸನ್ನು ಕಚೇರಿಯಲ್ಲಿ ಅಂಟಿಸಿ ೩೦ ದಿನ ಕಾಯಬೇಕು. ಹಿರಿಯರ ಅಸಮಾಧಾನವು ಕಾಯಿದೆಯ ದೃಷ್ಟಿಯಲ್ಲಿ ಆಕ್ಷೇಪಣೆಯೇ ಅಲ್ಲ. ಈತನಿಗೋ, ಹೆತ್ತವರಿಗೆ ಇದು ಅನ್ಯಾಯವೆಂದು ತೋರುತ್ತದೆ. ಹುಡುಗಿಯ ಮನೆಗೇ ನೋಟೀಸು ಕಳುಹಿಸುತ್ತಾನೆ. ಹಾಗೆ ಕಳುಹಿಸಬೇಕೆಂದು ಕಾಯಿದೆಯಲ್ಲಿಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯ ೨೦೦೯ರಲ್ಲೇ ಹೇಳಿದೆ. ಮನೆಗೆ ಹೋದ ಆ ಕಾಗದದಿಂದ ಹುಡುಗಿಯ ಪ್ರಾಣಕ್ಕೇ ಕುತ್ತು ಬರಬಹುದು.

ಮೊದಲನೆಯವನನ್ನು ಕ್ಷಮಿಸಿ ಎರಡನೆಯವನನ್ನು ದೂಷಿಸಲು ನಮಗೆ ಮನಸ್ಸಾಗುತ್ತದೆ. ಆದರೆ ಇಬ್ಬರೂ ಮಾಡಿದ್ದು ಒಂದೇ. ತಮ್ಮ ನ್ಯಾಯವನ್ನು ಕಾನೂನಿನ ಜಾಗದಲ್ಲಿ ಕೂರಿಸಿದರು. ಅದರ ಬೆಲೆಯನ್ನು ಹುಡುಗಿಯ ತಲೆಗೆ ಕಟ್ಟಿದರು. ಕರ್ನಾಟಕವು ೨೦೧೬ರಲ್ಲಿ ತಂದ ತಿದ್ದುಪಡಿಯ ಮೇರೆಗೆ ಬಾಲ್ಯವಿವಾಹವು ಆರಂಭದಿಂದಲೇ ಅನೂರ್ಜಿತ. ಮರುಕದ ಅಧಿಕಾರಿ ಆ ಮಗುವಿಗೆ ಕೊಡಿಸಿದ್ದು ಕಾನೂನು ಒಪ್ಪದ ಸಂಸಾರವನ್ನು.

‘ಹಾಗಾದರೆ ಅನ್ಯಾಯದ ಕಾನೂನನ್ನು ಮುರಿಯಲೇ ಬಾರದೇ?’ ಎಂದು ತಾವು ಕೇಳಬಹುದು. ಮುರಿದವರಿದ್ದಾರೆ. ಕ್ರೈಸ್ತ ವಿಧಿಯಿಂದ ನಡೆಯದ, ನೋಂದಣಿಯೂ ಆಗದ ಮದುವೆಗಳು ಊರ್ಜಿತವಲ್ಲವೆಂದು ೧೯೧೩ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತೀರ್ಪಾದಾಗ, ಕಸ್ತೂರಬಾ ಸತ್ಯಾಗ್ರಹಕ್ಕಿಳಿದು ಸೆರೆಮನೆ ಸೇರಿದರು. ಮರುವರ್ಷ ಅಲ್ಲಿಯ ಕಾನೂನೇ ಬದಲಾಯಿತು. ಆ ತಾಯಿ ಬಹಿರಂಗವಾಗಿ ಮುರಿದರು, ಶಿಕ್ಷೆಯನ್ನು ತಾವೇ ಉಂಡರು. ಕುರ್ಚಿಯಲ್ಲಿ ಕುಳಿತು, ಸಂಬಳವನ್ನೂ ಪಡೆದು, ಗುಟ್ಟಾಗಿ ಕಾನೂನನ್ನು ಬಾಗಿಸುವವನಿಗೆ ಆ ಹೆಸರು ಸಲ್ಲದು. ಕಾನೂನು ತಪ್ಪೆಂದು ಕಂಡರೆ ಮೇಲಧಿಕಾರಿಗೆ ಬರೆಯಲಿ. ಸಹಿಸಲಾಗದಿದ್ದರೆ ಕುರ್ಚಿ ಬಿಟ್ಟು ಬಂದು ನಮ್ಮ ನಿಮ್ಮಂತೆ ಬೀದಿಯಲ್ಲಿ ನಿಂತು ವಾದಿಸಲಿ.

ಮರುಕಕ್ಕೆ ಜಾಗವಿಲ್ಲವೆಂದಲ್ಲ. ಹುಡುಗಿಗೆ ಹಾಸ್ಟೆಲಿನಲ್ಲಿ ಜಾಗ ಕೊಡಿಸುವುದು, ತಂದೆಯೊಡನೆ ಕುಳಿತು ತಿಳಿಯಹೇಳುವುದು, ಕೇಳದಿದ್ದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರುವುದು: ಇವೆಲ್ಲ ಆತನ ಕೈಯಲ್ಲೇ ಇವೆ.

ಕೊನೆಗೆ ನಮ್ಮ ಮಾತು. ನೆಂಟರಿಷ್ಟರ ಸಲುವಾಗಿ ‘ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ, ಸಾಹೇಬರೇ’ ಎಂದು ಕಚೇರಿಗೆ ಹೋಗುವವರು ನಾವೇ ಅಲ್ಲವೇ? ಇಂದು ನಮಗಾಗಿ ಮುಚ್ಚಿದ ಕಣ್ಣು, ನಾಳೆ ನಮ್ಮ ಮಗಳು ನ್ಯಾಯ ಕೇಳಿ ನಿಂತಾಗ ತೆರೆದೀತೆಂಬ ಭರವಸೆಯೇನು?