ದಶಮಾಂಶವನ್ನು ಅಂದಾಜಿಸಲು ಮಕ್ಕಳಿಗೆ ಕಲಿಸೋಣ

(ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರನ್ನು ಉದ್ದೇಶಿಸಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಮ್ಮ ಪಂಚಾಯತ್‌ನ ಅರಿವು ಕೇಂದ್ರದಲ್ಲಿ ಒಂದು ಸಂಜೆ ಏಳನೆಯ ತರಗತಿಯ ಮಕ್ಕಳಿಗೆ 4.48 ಎಂಬ ಸಂಖ್ಯೆಯನ್ನು ಕೊಟ್ಟು, ಅದಕ್ಕೆ ಸಮೀಪದ ಪೂರ್ಣಸಂಖ್ಯೆ ಯಾವುದೆಂದು ಕೇಳಿದೆ. ಹೆಚ್ಚಿನವರು 5 ಎಂದರು. ಒಬ್ಬ ಬಾಲಕಿ ಕಾರಣವನ್ನೂ ವಿವರಿಸಿದಳು: “ಸರ್, ಕೊನೆಯ ಅಂಕಿ 8, ಆದ್ದರಿಂದ 4.5 ಆಯಿತು. ಈಗ ಕೊನೆಯ ಅಂಕಿ 5, ಆದ್ದರಿಂದ 5 ಆಯಿತು.” ಆಕೆ ನಿಯಮವನ್ನು ಮರೆತಿರಲಿಲ್ಲ, ಒಂದು ಬಾರಿ ಬಳಸಬೇಕಾದುದನ್ನು ಎರಡು ಬಾರಿ ಬಳಸಿದ್ದಳು. ಹಿಂದಿನ ವಾರ ಆ ನಿಯಮವನ್ನು ಹೇಳಿಕೊಟ್ಟವನು ನಾನೇ. ಅದರ ಅರ್ಥವನ್ನು ಮಾತ್ರ ಹೇಳಿರಲಿಲ್ಲ.

ಇಂದಿನ ಮಕ್ಕಳಿಗೆ ದಶಮಾಂಶ ಕೈಗೆ ಸಿಗುವ ವಸ್ತುವಲ್ಲ. 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಯಾದ ಮೇಲೆ ನಮ್ಮ ಹಿರಿಯರು ರೂಪಾಯಿಯ ನೂರನೆಯ ಭಾಗವನ್ನು ಬೆರಳಿನಲ್ಲಿ ಹಿಡಿದು ಎಣಿಸಿದರು. 2011ರ ಜೂನ್ 30ರ ಬಳಿಕ 25 ಪೈಸೆ ಹಾಗೂ ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆಯೇ ನಿಂತಿತು. ಆದ್ದರಿಂದ ಎಷ್ಟೋ ಮಕ್ಕಳು 4.48 ಅನ್ನು ‘ನಾಲ್ಕು ಬಿಂದು ನಲವತ್ತೆಂಟು’ ಎಂದು ಓದಿ, 48 ಎಂಬುದು 5ಕ್ಕಿಂತ ದೊಡ್ಡದಲ್ಲವೇ ಎಂದು 4.5ಕ್ಕಿಂತ ಅದನ್ನೇ ದೊಡ್ಡದೆಂದು ಭಾವಿಸುತ್ತಾರೆ.

ಮುಂದಿನ ವಾರ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದೆವು. ಒಂದು ತುದಿಗೆ 4, ಇನ್ನೊಂದು ತುದಿಗೆ 5 ಎಂಬ ಚೀಟಿ. ನಡುವೆ 4.1ರಿಂದ 4.9ರವರೆಗೆ ಒಂಬತ್ತು ಬಟ್ಟೆ ಕ್ಲಿಪ್‌ಗಳು. 4.48ರ ಚೀಟಿಯನ್ನು ಅದೇ ಬಾಲಕಿ ನೇತುಹಾಕಿದಳು. ಅದು ನಡುವಿನ ಕ್ಲಿಪ್‌ಗಿಂತ ಕೂದಲೆಳೆಯಷ್ಟು ಹಿಂದೆ, ನಾಲ್ಕರ ಕಡೆಗೇ ಇತ್ತು. ಅಂದಾಜಿಸುವುದೆಂದರೆ ಯಾವುದು ಹತ್ತಿರವೆಂದು ನೋಡುವುದು. ಅದನ್ನು ಮೂಲ ಸಂಖ್ಯೆಯಿಂದ ಒಂದೇ ಬಾರಿ ಮಾಡಬೇಕು. ಸರಿಯಾಗಿ ನಡುವಿರುವ 4.5 ಅನ್ನು ಮೇಲಕ್ಕೆ ಒಯ್ಯುವುದು ಒಂದು ರೂಢಿ.

ನಿಯಮ ಎಲ್ಲಿ ಸಲ್ಲದು ಎಂಬುದನ್ನೂ ಕಲಿಸಬೇಕು. 110 ಮಕ್ಕಳನ್ನು ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್‌ಗೆ ಕರೆದೊಯ್ಯಲು 50 ಆಸನಗಳ ಬಸ್ಸು ಎಷ್ಟು ಬೇಕು? ಭಾಗಿಸಿದರೆ 2.2. ನಿಯಮದಂತೆ 2 ಎಂದರೆ ಹತ್ತು ಮಕ್ಕಳು ರಸ್ತೆಯಲ್ಲೇ ಉಳಿಯುತ್ತಾರೆ. 100 ರೂಪಾಯಿಗೆ 15 ರೂಪಾಯಿಯ ಪುಸ್ತಕ ಎಷ್ಟು? ಉತ್ತರ 6.67, ನಿಯಮ 7 ಎನ್ನುತ್ತದೆ, ಅಂಗಡಿಯವರು ಆರೇ ಕೊಡುತ್ತಾರೆ.

ಇದು ಕೇವಲ ಪರೀಕ್ಷೆಯ ಅಂಕದ ಮಾತಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಸೂಚನೆ. 11.4 ಬಂದುದನ್ನು ‘ಹೆಚ್ಚುಕಡಿಮೆ 11.5’ ಎಂದು ಬರೆದರೆ ಆ ಮಗು ಪಟ್ಟಿಯಿಂದ ಹೊರಗುಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಪೂರ್ಣಸಂಖ್ಯೆಗೆ ಅಂದಾಜಿಸಿದರೆ ಕ್ಲೋರಿನ್ ಹಾಕಿದ ನೀರಿಗೂ ಹಾಕದ ನೀರಿಗೂ ಸೊನ್ನೆಯೇ ಬರುತ್ತದೆ. ಮಿತಿಯ ಅಂಚಿನಲ್ಲಿರುವ ಅಳತೆಯನ್ನು ಅಂದಾಜಿಸಬಾರದು, ಇದ್ದಂತೆಯೇ ಬರೆಯಬೇಕು. ನಾಳೆ ಆ ಟೇಪನ್ನೂ ನೀರಿನ ಪರೀಕ್ಷಾ ಕಿಟ್ಟನ್ನೂ ಹಿಡಿಯುವವರು ಇಂದು ನಮ್ಮ ಶಾಲೆಗಳಲ್ಲಿ ಕುಳಿತಿದ್ದಾರೆ.

ಸದಸ್ಯರಲ್ಲಿ ಮೂರು ವಿನಂತಿ. ಅರಿವು ಕೇಂದ್ರದಲ್ಲಿ ವಾರಕ್ಕೆ ಒಂದು ಗಂಟೆ ಅಳತೆಗೆಂದು ಮೀಸಲಿಡಿ. ಹಗ್ಗ, ಟೇಪು, ತಕ್ಕಡಿ ಸಾಕು. ಶಾಲೆಗೆ ಹೋದಾಗ ಮಗುವಿಗೆ ಉತ್ತರವೇನೆಂದು ಕೇಳಿ ಬಿಡಬೇಡಿ, ‘ಹೇಗೆ ಗೊತ್ತಾಯಿತು?’ ಎಂದೂ ಕೇಳಿ. ಮಕ್ಕಳ ಗ್ರಾಮ ಸಭೆಗೆ ಮಕ್ಕಳು ತಾವೇ ಅಳೆದ ಲೆಕ್ಕ ತರಲಿ. 1990ರ ದಶಕದಲ್ಲೇ ಮಕ್ಕಳ ಪಂಚಾಯತ್‌ಗಳನ್ನು ಕಂಡ ನಾಡು ನಮ್ಮ ಕುಂದಾಪುರ. ಮಕ್ಕಳು ಲೆಕ್ಕ ಮಂಡಿಸಿ ಪ್ರಶ್ನಿಸುವುದು ಇಲ್ಲಿ ಹೊಸದಲ್ಲ. ಅವರ ಲೆಕ್ಕ ಗಟ್ಟಿಯಾಗಿದ್ದಷ್ಟೂ ನಮ್ಮ ಉತ್ತರವೂ ಗಟ್ಟಿಯಾಗಬೇಕಾಗುತ್ತದೆ.